ಒಪ್ಪಂದದ ಫೋಟೊ ಬಂತು, ಡೇಟಾದ ಹೊಣೆ ಯಾರದು?

ಸಂಪಾದಕರೇ, ನಮಸ್ಕಾರ.

ಯಾವುದೋ ವಿಶ್ವವಿದ್ಯಾಲಯ ಯಾವುದೋ ದೊಡ್ಡ ಸಾಫ್ಟ್‌ವೇರ್ ಕಂಪನಿಯ ಜತೆ ಒಪ್ಪಂದ ಮಾಡಿಕೊಂಡಿತು ಅನ್ನುವ ಸುದ್ದಿ ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ. ಜತೆಗೆ ಒಂದು ಫೋಟೊ. ಇಬ್ಬರು ಫೈಲು ಬದಲಾಯಿಸಿಕೊಳ್ಳುತ್ತಾ ಕ್ಯಾಮೆರಾ ನೋಡುತ್ತಿರುತ್ತಾರೆ, ಹಿಂದೆ ಏಳೆಂಟು ಜನ ಸಾಲಾಗಿ ನಿಂತಿರುತ್ತಾರೆ. ಕೆಳಗೆ ಲ್ಯಾಬ್, ಇಂಟರ್ನ್‌ಶಿಪ್, ತರಬೇತಿ, ಪ್ಲೇಸ್‌ಮೆಂಟ್ ಅಂತ ನಾಲ್ಕು ಸಾಲು. ಇದನ್ನು ಓದಿದಾಗಲೆಲ್ಲ ನನಗೆ ಒಂದೇ ಪ್ರಶ್ನೆ ಏಳುತ್ತದೆ. ಆ ಕಂಪನಿಯ ಸರ್ವರ್‌ನಲ್ಲಿ ಇಟ್ಟ ವಿದ್ಯಾರ್ಥಿಗಳ ಮಾಹಿತಿ ನಾಳೆ ಕಳುವಾದರೆ ಯಾರು ಯಾರಿಗೆ ಎಷ್ಟು ಹೊತ್ತಿನೊಳಗೆ ತಿಳಿಸಬೇಕು ಅಂತ ಆ ಫೈಲಿನಲ್ಲಿ ಎಲ್ಲಾದರೂ ಬರೆದಿದೆಯಾ?

ಕಂಪನಿಗಳ ಜತೆ ಸೇರಬಾರದು ಅಂತ ನಾನು ಹೇಳುತ್ತಿಲ್ಲ. ಸೇರಲೇಬೇಕು. ಸೈಬರ್ ಭದ್ರತೆಯಲ್ಲಿ ಒಂದು ಕಾಲೇಜು ಒಂಟಿಯಾಗಿ ಹೆಚ್ಚೇನೂ ಮಾಡಲಾರದು. ಆದರೆ ‘ಉದ್ಯಮದ ಸಹಯೋಗ’ ಅನ್ನುವ ಹೆಸರಿನಲ್ಲಿ ನಡೆಯುವುದರಲ್ಲಿ ಜಾಸ್ತಿ ಪಾಲು ಬರೀ ಖರೀದಿ. ಸಾಫ್ಟ್‌ವೇರ್ ಕೊಳ್ಳುವುದು, ಅದರ ಜತೆ ಬರುವ ಸರ್ಟಿಫಿಕೇಟ್ ಕೋರ್ಸನ್ನು ಮಕ್ಕಳಿಗೆ ದಾಟಿಸುವುದು, ಅಷ್ಟೇ. ಅಪಾಯ ಒಳಗೆ ಬರುವುದೂ ಅದೇ ಬಾಗಿಲಿನಿಂದ. ಭದ್ರತೆಯ ಬಗ್ಗೆ ಮಾತಾಡುವವರು ಒಂದು ಕಡೆ, ಸಹಯೋಗದ ಬಗ್ಗೆ ಮಾತಾಡುವವರು ಇನ್ನೊಂದು ಕಡೆ. ಎರಡನ್ನೂ ಒಟ್ಟಿಗೆ ಇಟ್ಟು ನೋಡುವವರು ಕಡಿಮೆ, ಅದಕ್ಕೇ ಈ ಪತ್ರ. ಸ್ವಲ್ಪ ಉದ್ದ ಆಗಿದೆ, ಸಹಿಸಿಕೊಳ್ಳಿ.

ಮೊದಲು, ಕಾಲೇಜುಗಳ ಮೇಲೇ ಯಾಕೆ ಕಣ್ಣು? ಬ್ಯಾಂಕಿನಲ್ಲಾದರೆ ದುಡ್ಡಿದೆ, ಇಲ್ಲಿ ಏನಿದೆ ಅಂತ ಕೇಳುವವರು ಈಗಲೂ ಇದ್ದಾರೆ. ಇಲ್ಲಿ ಎಲ್ಲವೂ ಇದೆ. ವಿದ್ಯಾರ್ಥಿಯ ಹುಟ್ಟಿದ ದಿನಾಂಕ, ಗುರುತಿನ ಚೀಟಿ, ಅಪ್ಪ ಅಮ್ಮನ ಆದಾಯ, ಬ್ಯಾಂಕ್ ಖಾತೆ, ಅಂಕಗಳು, ಆಸ್ಪತ್ರೆ ದಾಖಲೆ, ಹಾಸ್ಟೆಲ್ ವಿಳಾಸ. ಸಿಬ್ಬಂದಿಯ ಸಂಬಳ, ತೆರಿಗೆ ವಿವರ. ಇದರ ಮೇಲೆ ಇನ್ನೂ ಪ್ರಕಟವಾಗದ ಸಂಶೋಧನೆ, ಕಂಪನಿಗಳು ನಂಬಿ ಕೊಟ್ಟ ಗುಟ್ಟಿನ ವಿನ್ಯಾಸಗಳು. ಇಷ್ಟೆಲ್ಲ ಇಟ್ಟುಕೊಂಡ ಜಾಗ ಬಾಗಿಲು ಹಾಕಿಕೊಂಡು ಕೂರುವಂತಿಲ್ಲ. ವಿಶ್ವವಿದ್ಯಾಲಯ ಅಂದರೆ ತೆರೆದಿರಬೇಕು, ಅದು ಅದರ ಗುಣ. ಪ್ರತಿ ವರ್ಷ ಸಾವಿರಾರು ಹೊಸಬರು ಬರುತ್ತಾರೆ, ಸಾವಿರಾರು ಜನ ಹೋಗುತ್ತಾರೆ, ಹೋದವರ ಖಾತೆಗಳು ಮಾತ್ರ ಉಳಿಯುತ್ತವೆ. ಎಲ್ಲರ ಕೈಯಲ್ಲೂ ಅವರವರದೇ ಲ್ಯಾಪ್‌ಟಾಪು, ಫೋನು. ಒಂದೊಂದು ವಿಭಾಗಕ್ಕೂ ಒಂದೊಂದು ಸರ್ವರ್. ಯಾವುದೋ ಪ್ರಾಜೆಕ್ಟಿಗೆ ಅಂತ ಹಾಕಿದ್ದು, ಪ್ರಾಜೆಕ್ಟು ಮುಗಿದಿರುತ್ತದೆ, ಹಾಕಿದವರು ಬೇರೆ ಕಡೆ ಕೆಲಸಕ್ಕೆ ಹೋಗಿರುತ್ತಾರೆ, ಪಾಸ್‌ವರ್ಡ್ ಯಾರಿಗೂ ಗೊತ್ತಿಲ್ಲ, ಆದರೆ ಯಂತ್ರ ಮಾತ್ರ ಉರಿಯುತ್ತಲೇ ಇರುತ್ತದೆ. ಆರಿಸೋಕೆ ಎಲ್ಲರಿಗೂ ಭಯ, ಅದರ ಮೇಲೆ ಏನು ನಡೆಯುತ್ತಿದೆಯೋ ಅಂತ.

ಕಳ್ಳರು ಪ್ರಾಧ್ಯಾಪಕರನ್ನು ಹೇಗೆ ಹಿಡಿಯುತ್ತಾರೆ ಅನ್ನುವುದಕ್ಕೆ ಒಂದು ಉದಾಹರಣೆ ಹೇಳಬೇಕು. 2018ರ ಮಾರ್ಚ್‌ನಲ್ಲಿ ಅಮೆರಿಕ ಒಂಬತ್ತು ಇರಾನಿಯರ ಮೇಲೆ ಮೊಕದ್ದಮೆ ಹೂಡಿತು. ಆರೋಪಪಟ್ಟಿಯ ಪ್ರಕಾರ ಅಮೆರಿಕದ 144 ವಿಶ್ವವಿದ್ಯಾಲಯಗಳು, ಬೇರೆ 21 ದೇಶಗಳ 176 ವಿಶ್ವವಿದ್ಯಾಲಯಗಳು ಇವರ ಗುರಿಯಾಗಿದ್ದವು. ಒಂದು ಲಕ್ಷಕ್ಕೂ ಜಾಸ್ತಿ ಪ್ರಾಧ್ಯಾಪಕರ ಖಾತೆಗಳಿಗೆ ಗಾಳ ಹಾಕಿ ಸುಮಾರು 8,000 ಖಾತೆಗಳನ್ನು ಒಳಗೆ ಹಾಕಿಕೊಂಡಿದ್ದರು. ಗಾಳ ಏನು ಗೊತ್ತಾ? ‘ನಿಮ್ಮ ಇತ್ತೀಚಿನ ಲೇಖನ ಓದಿದೆ, ತುಂಬಾ ಹಿಡಿಸಿತು, ಇದಕ್ಕೆ ಸಂಬಂಧಪಟ್ಟ ಇನ್ನೂ ಕೆಲವು ಲೇಖನ ನೋಡಬೇಕಿತ್ತು’ ಅನ್ನುವ ಧಾಟಿಯ ಮೇಲ್, ಬೇರೆ ವಿಶ್ವವಿದ್ಯಾಲಯದ ಪ್ರಾಧ್ಯಾಪಕರ ಹೆಸರಿನಲ್ಲಿ. ಲಿಂಕ್ ಒತ್ತಿದರೆ ತಮ್ಮದೇ ವಿಶ್ವವಿದ್ಯಾಲಯದ ಲಾಗಿನ್ ಪುಟದಂತೆ ಕಾಣುವ ನಕಲಿ ಪುಟ. ಲೇಖನ ಓದಿ ಮೆಚ್ಚಿದವರು ಸಿಕ್ಕರೆ ಯಾವ ಪ್ರಾಧ್ಯಾಪಕರು ತಾನೆ ಒತ್ತುವುದಿಲ್ಲ ಹೇಳಿ!

ಒಂದು ಮೇಲ್‌ನಿಂದ ಎಲ್ಲಿಯವರೆಗೆ ಹೋಗಬಹುದು ಅನ್ನುವುದನ್ನು ನೆದರ್‌ಲ್ಯಾಂಡ್ಸ್‌ನ ಮಾಸ್ಟ್ರಿಕ್ಟ್ ವಿಶ್ವವಿದ್ಯಾಲಯ ತಾನೇ ಬಿಡಿಸಿ ಹೇಳಿದೆ. 2019ರ ಅಕ್ಟೋಬರ್‌ನಲ್ಲಿ ಅಲ್ಲಿ ಯಾರೋ ಒಂದು ಫಿಶಿಂಗ್ ಮೇಲ್, ಅಂದರೆ ಇಂಥದೇ ಗಾಳದ ಮೇಲ್, ತೆರೆದರು. ಆಮೇಲೆ ಎರಡು ತಿಂಗಳು ದಾಳಿಕೋರರು ಯಾರ ಕಣ್ಣಿಗೂ ಬೀಳದೆ ಒಳಗೇ ಓಡಾಡಿಕೊಂಡಿದ್ದರು. ಅಪ್‌ಡೇಟ್ ಹಾಕದೆ ಬಿಟ್ಟಿದ್ದ ಸರ್ವರ್ ಒಂದು ಸಿಕ್ಕಿತು, ಅಲ್ಲಿಂದ ಇಡೀ ಜಾಲದ ಮೇಲೆ ಹಿಡಿತ ಬಂತು. ಡಿಸೆಂಬರ್ 23ಕ್ಕೆ, ಎಲ್ಲರೂ ರಜೆಗೆ ಹೊರಟ ಹೊತ್ತಿನಲ್ಲಿ, 267 ಸರ್ವರ್‌ಗಳ ಕಡತಗಳಿಗೆ ಬೀಗ ಬಿತ್ತು. ಬ್ಯಾಕಪ್ ಇರಲಿಲ್ಲವಾ? ಇತ್ತು. ಆದರೆ ಕೆಲವು ಮುಖ್ಯ ಬ್ಯಾಕಪ್‌ಗಳು ಅದೇ ಜಾಲಕ್ಕೆ ಅಂಟಿಕೊಂಡಿದ್ದವು, ಅವಕ್ಕೂ ಬೀಗ ಬಿತ್ತು. ಕೊನೆಗೆ ವಿಶ್ವವಿದ್ಯಾಲಯ ದಾಳಿಕೋರರು ಕೇಳಿದ ಒತ್ತೆಹಣವನ್ನು, 30 ಬಿಟ್‌ಕಾಯಿನ್ ಅನ್ನುವ ಡಿಜಿಟಲ್ ಹಣದಲ್ಲಿ, ಕೊಟ್ಟು ಬಿಡಿಸಿಕೊಂಡಿತು, ಆಗಿನ ಲೆಕ್ಕದಲ್ಲಿ ಸುಮಾರು ಎರಡು ಲಕ್ಷ ಯುರೊ.

ಕೊಟ್ಟಿದ್ದು ಸರಿಯಾ ತಪ್ಪಾ ಅನ್ನುವ ಜಗಳಕ್ಕೆ ನಾನು ಹೋಗುವುದಿಲ್ಲ. ನನಗೆ ಮುಖ್ಯ ಅನ್ನಿಸಿದ್ದು ಅವರು ಆಮೇಲೆ ಮಾಡಿದ್ದು. ಎರಡು ತಿಂಗಳೊಳಗೆ, 2020ರ ಫೆಬ್ರುವರಿಯಲ್ಲಿ, ಸಭೆ ಕರೆದು ಎಲ್ಲವನ್ನೂ ಹೊರಗಿಟ್ಟರು. ತನಿಖೆ ಮಾಡಿದ ಭದ್ರತಾ ಕಂಪನಿ ಫಾಕ್ಸ್-ಐಟಿಯ ವರದಿಯನ್ನೇ ಪ್ರಕಟಿಸಿದರು. ಎಲ್ಲಿ ಸೋತೆವು, ಯಾವ ಎಚ್ಚರಿಕೆ ಕಾಣಲಿಲ್ಲ, ಎಷ್ಟು ದುಡ್ಡು ಕೊಟ್ಟೆವು, ಎಲ್ಲ. ಇದಪ್ಪಾ ಸಹಯೋಗ! ಕಂಪನಿಗೆ ಗೊತ್ತಾಗಿದ್ದು ಕಾಲೇಜಿಗೆ ಬಂತು, ಕಾಲೇಜಿಗೆ ಗೊತ್ತಾಗಿದ್ದು ಊರಿಗೆಲ್ಲ ಹೋಯಿತು. (ಆ ಕಥೆಗೆ ಒಂದು ಬಾಲವೂ ಇದೆ. ಪೊಲೀಸರು ಆ ಹಣದ ಒಂದು ಭಾಗವನ್ನು ಪತ್ತೆಹಚ್ಚಿದರು. ಅಷ್ಟರಲ್ಲಿ ಬಿಟ್‌ಕಾಯಿನ್ ಬೆಲೆ ಏರಿ, 2022ರಲ್ಲಿ ವಾಪಸ್ ಬರುವ ಹೊತ್ತಿಗೆ ಆ ಭಾಗವೇ ಸುಮಾರು ಐದು ಲಕ್ಷ ಯುರೊ ಆಗಿತ್ತು. ಕಷ್ಟದಲ್ಲಿರುವ ವಿದ್ಯಾರ್ಥಿಗಳಿಗೆ ಬಳಸುತ್ತೇವೆ ಅಂದರು. ಇಂಥ ಅದೃಷ್ಟವನ್ನು ನಂಬಿಕೊಂಡು ಯಾರೂ ಬಜೆಟ್ ಮಾಡಬೇಡಿ.)

ಆಸ್ಟ್ರೇಲಿಯನ್ ನ್ಯಾಷನಲ್ ಯೂನಿವರ್ಸಿಟಿಯೂ ಹೀಗೇ ಮಾಡಿತು. 2018ರ ಕೊನೆಯಲ್ಲಿ ನುಗ್ಗಿದವರು 19 ವರ್ಷದಷ್ಟು ಹಿಂದಿನ ದಾಖಲೆಗಳಿದ್ದ ವ್ಯವಸ್ಥೆಗೆ ಕೈ ಹಾಕಿದ್ದರು. ಗೊತ್ತಾಗಿದ್ದು ತಿಂಗಳುಗಳ ಮೇಲೆ. 2019ರ ಅಕ್ಟೋಬರ್‌ನಲ್ಲಿ ವಿವರವಾದ ವರದಿ ಹೊರಬಂತು. ಮೊದಲ ಮೇಲ್‌ನಲ್ಲಿ ಲಿಂಕ್ ಒತ್ತುವುದೂ ಬೇಕಿರಲಿಲ್ಲವಂತೆ, ಮೇಲ್ ಪ್ರಿವ್ಯೂನಲ್ಲಿ ಕಂಡರೆ ಸಾಕಿತ್ತು. ‘ಸಿಕ್ಕಸಿಕ್ಕ ಲಿಂಕ್ ಒತ್ತಬೇಡಿ’ ಅಂತ ಪೋಸ್ಟರ್ ಅಂಟಿಸಿ ಕೈತೊಳೆದುಕೊಳ್ಳುವವರು ಆ ವರದಿಯನ್ನು ಒಮ್ಮೆ ಓದಬೇಕು. ನಾವು ಬೈಯುವುದು ಯಾವಾಗಲೂ ಮೇಲ್ ತೆರೆದ ಗುಮಾಸ್ತರನ್ನೇ ಅಲ್ವಾ? ಹಳೆಯ ಸರ್ವರನ್ನು ಹಾಗೇ ಬಿಟ್ಟವರನ್ನು, ಅದಕ್ಕೆ ದುಡ್ಡು ಮಂಜೂರು ಮಾಡದವರನ್ನು ಯಾರೂ ಕೇಳುವುದಿಲ್ಲ.

ಇಷ್ಟೂ ಕಾಲೇಜಿನ ಗೋಡೆಯೊಳಗಿನ ಮಾತು. ನನಗೆ ಜಾಸ್ತಿ ಚಿಂತೆ ಇರುವುದು ಗೋಡೆಯಾಚೆ.

ಬ್ಲ್ಯಾಕ್‌ಬಾಡ್ ಅಂತ ಅಮೆರಿಕದ ಒಂದು ಕಂಪನಿ. ಹಳೆಯ ವಿದ್ಯಾರ್ಥಿಗಳ ಪಟ್ಟಿ, ದಾನಿಗಳ ವಿವರ ಇಟ್ಟುಕೊಳ್ಳುವ ಸಾಫ್ಟ್‌ವೇರ್ ಕೊಡುತ್ತದೆ. ಹಲವು ದೇಶಗಳ ವಿಶ್ವವಿದ್ಯಾಲಯಗಳು ಅದರ ಗಿರಾಕಿಗಳು. 2020ರ ಫೆಬ್ರುವರಿಯಲ್ಲಿ ದಾಳಿಕೋರರು ಅದರೊಳಗೆ ನುಗ್ಗಿದರು. ಕಂಪನಿಗೆ ಗೊತ್ತಾಗಿದ್ದು ಮೇ ತಿಂಗಳಲ್ಲಿ. ವಿಶ್ವವಿದ್ಯಾಲಯಗಳಿಗೆ ಹೇಳಿದ್ದು ಜುಲೈಯಲ್ಲಿ! ಅಷ್ಟರಲ್ಲಿ ಕಂಪನಿ ಹಣ ಕೊಟ್ಟು, ಕದ್ದದ್ದನ್ನು ಅಳಿಸಿದ್ದೇವೆ ಅಂತ ಕಳ್ಳರಿಂದ ಮಾತು ತೆಗೆದುಕೊಂಡಿತ್ತು. ಬ್ಯಾಂಕ್ ಖಾತೆಯಂಥ ವಿವರ ಹೋಗಿಲ್ಲ ಅಂತ ಮೊದಲು ಹೇಳಿದರು. ಕೆಲವರದು ಹೋಗಿದೆ ಅಂತ ಆಮೇಲೆ ಒಪ್ಪಿಕೊಂಡರು. ಈ ತಪ್ಪು ಮಾಹಿತಿಗೆ 2023ರಲ್ಲಿ ಅಮೆರಿಕದ ಷೇರುಪೇಟೆ ನಿಯಂತ್ರಣ ಸಂಸ್ಥೆಗೆ 30 ಲಕ್ಷ ಡಾಲರ್ ದಂಡ ಕಟ್ಟಿದರು. ಅದೇ ವರ್ಷ ಅಲ್ಲಿನ ರಾಜ್ಯಗಳ ಜತೆ 4.95 ಕೋಟಿ ಡಾಲರ್‌ಗೆ ರಾಜಿ ಮಾಡಿಕೊಂಡರು.

ಇಲ್ಲಿ ಒಂದನ್ನು ಗಮನಿಸಿ. ಈ ಪ್ರಕರಣದಲ್ಲಿ ಯಾವ ವಿಶ್ವವಿದ್ಯಾಲಯದ ಸರ್ವರ್‌ಗೂ ಯಾರೂ ನುಗ್ಗಬೇಕಾಗಲಿಲ್ಲ. ಅಲ್ಲಿನ ಅಡ್ಮಿನ್ ಎಷ್ಟೇ ಚುರುಕಾಗಿದ್ದರೂ, ಎಲ್ಲರಿಗೂ ಎರಡು ಹಂತದ ಲಾಗಿನ್ (ಪಾಸ್‌ವರ್ಡ್ ಜತೆಗೆ ಇನ್ನೊಂದು ಪರೀಕ್ಷೆ) ಇದ್ದರೂ, ಏನೂ ಉಪಯೋಗವಿರಲಿಲ್ಲ. ಆದರೆ ಹಳೆಯ ವಿದ್ಯಾರ್ಥಿಗಳಿಗೆ ಕ್ಷಮೆ ಕೋರಿ ಮೇಲ್ ಹೋಗಿದ್ದು ವಿಶ್ವವಿದ್ಯಾಲಯದ ಹೆಸರಿನಿಂದ.

2023ರಲ್ಲಿ ಮೂವ್‌ಇಟ್ ಅನ್ನುವ ಕಡತ ಕಳುಹಿಸುವ ಸಾಫ್ಟ್‌ವೇರ್‌ನಲ್ಲಿ ತೂತು ಸಿಕ್ಕಿ ಕ್ಲಾಪ್ ಅನ್ನುವ ಸೈಬರ್ ಕಳ್ಳರ ಗುಂಪು ಮಾಹಿತಿ ಲೂಟಿ ಮಾಡಿತಲ್ಲ, ಅಲ್ಲಿ ಸರಪಳಿ ಇನ್ನೂ ಒಂದು ಕೊಂಡಿ ಉದ್ದ. ಅಮೆರಿಕದ ನ್ಯಾಷನಲ್ ಸ್ಟೂಡೆಂಟ್ ಕ್ಲಿಯರಿಂಗ್‌ಹೌಸ್ ಅನ್ನುವ ಸಂಸ್ಥೆ ಕಾಲೇಜುಗಳ ಪರವಾಗಿ ದಾಖಲಾತಿ, ಪದವಿ ವಿವರ ಇಟ್ಟುಕೊಳ್ಳುತ್ತದೆ. ಅದು ಮೂವ್‌ಇಟ್ ಬಳಸುತ್ತಿತ್ತು. ಆ ಒಂದು ಜಾಗದಿಂದ ಸುಮಾರು 890 ಶಿಕ್ಷಣ ಸಂಸ್ಥೆಗಳ ವಿದ್ಯಾರ್ಥಿಗಳಿಗೆ ತಟ್ಟಿತು. ಕಾಲೇಜು ಒಂದು ಸಂಸ್ಥೆಯನ್ನು ನಂಬಿತ್ತು, ಆ ಸಂಸ್ಥೆ ಒಂದು ಸಾಫ್ಟ್‌ವೇರನ್ನು ನಂಬಿತ್ತು, ವಿದ್ಯಾರ್ಥಿಗೆ ಮೂವ್‌ಇಟ್ ಅನ್ನುವ ಹೆಸರೇ ಗೊತ್ತಿರಲಿಲ್ಲ. ನಿಮ್ಮ ಮಗ ಅಥವಾ ಮಗಳು ಓದುವ ಕಾಲೇಜು ಅವರ ಮಾಹಿತಿಯನ್ನು ಎಷ್ಟು ಹೊರಗಿನ ಕಂಪನಿಗಳಿಗೆ ಕೊಟ್ಟಿದೆ ಅಂತ ಕೇಳಿ ನೋಡಿ. ಹಾಜರಾತಿ ಆ್ಯಪ್, ಶುಲ್ಕ ಕಟ್ಟುವ ಪೋರ್ಟಲ್, ಆನ್‌ಲೈನ್ ಪರೀಕ್ಷೆಗೆ ಮುಖ ನೋಡುವ ಕ್ಯಾಮೆರಾ ಸಾಫ್ಟ್‌ವೇರ್, ನಕಲು ಪತ್ತೆ ಮಾಡುವ ಸಾಫ್ಟ್‌ವೇರ್, ಪ್ಲೇಸ್‌ಮೆಂಟ್ ಸೈಟ್. ಪಟ್ಟಿಯೇ ಇರುವುದಿಲ್ಲ. ಒಂದೊಂದನ್ನು ಒಂದೊಂದು ವಿಭಾಗ ತಂದಿರುತ್ತದೆ.

ಪುಕ್ಕಟೆ ಸಿಕ್ಕಿತು ಅಂತ ತಂದದ್ದೇ ಜಾಸ್ತಿ ಇರುತ್ತದೆ. ಪುಕ್ಕಟೆ ಎಷ್ಟು ದಿನ ಅನ್ನುವುದಕ್ಕೂ ಉದಾಹರಣೆ ಇದೆ. ಗೂಗಲ್ ಶಿಕ್ಷಣ ಸಂಸ್ಥೆಗಳಿಗೆ ಮಿತಿಯೇ ಇಲ್ಲದಷ್ಟು ಜಾಗ ಕೊಟ್ಟಿತ್ತು. 2021ರಲ್ಲಿ, ಇನ್ನು ಒಂದು ಸಂಸ್ಥೆಗೆ ಒಟ್ಟು 100 ಟೆರಾಬೈಟ್ ಅಂತ ಹೇಳಿತು, 2022ರ ಜುಲೈಯಿಂದ ಜಾರಿ. ಅದು ಅವರ ವ್ಯಾಪಾರ, ತಪ್ಪು ಅನ್ನಲಾರೆ. ಆದರೆ ವರ್ಷಗಟ್ಟಲೆ ಸಂಶೋಧನೆಯ ಡೇಟಾ ಅಲ್ಲೇ ಸುರಿದಿದ್ದ ವಿಶ್ವವಿದ್ಯಾಲಯಗಳು ಅದನ್ನು ಎಲ್ಲಿಗೆ ಸಾಗಿಸುವುದು ಅಂತ ಪರದಾಡಿದವು. ಹಾಗೆ ಅವಸರದಲ್ಲಿ ಸಾಗಿಸುವಾಗಲೇ ಕಡತ ಕಳೆಯುವುದು, ತೆರೆದ ಫೋಲ್ಡರ್‌ನಲ್ಲಿ ಬಿಡುವುದು ಎಲ್ಲ ಆಗುವುದು.

ದಾಳಿಯಿಂದ ಕಾಲೇಜು ಮುಚ್ಚಿಹೋಗುವಷ್ಟು ಆಗುತ್ತದಾ ಅಂತ ಕೇಳಬಹುದು. ಅಮೆರಿಕದ ಇಲಿನಾಯ್ ರಾಜ್ಯದ ಲಿಂಕನ್ ಕಾಲೇಜು 1865ರಲ್ಲಿ ಶುರುವಾದದ್ದು. 2022ರ ಮೇ 13ರಂದು ಬಾಗಿಲು ಹಾಕಿತು. ಕೋವಿಡ್‌ನಿಂದ ಮೊದಲೇ ಸೋತಿತ್ತು, ಅದನ್ನು ಮರೆಯಬಾರದು. ಆದರೆ 2021ರ ಡಿಸೆಂಬರ್‌ನ ರಾನ್ಸಮ್‌ವೇರ್ (ಕಡತಗಳಿಗೆ ಬೀಗ ಹಾಕಿ ಹಣ ಕೇಳುವ) ದಾಳಿಯಿಂದ ಪ್ರವೇಶಾತಿ ಮತ್ತು ದೇಣಿಗೆಯ ದಾಖಲೆಗಳೇ ಕೈಗೆ ಸಿಗಲಿಲ್ಲ. ಮಾರ್ಚ್‌ನಲ್ಲಿ ಎಲ್ಲ ವಾಪಸ್ ಬಂದಾಗ ನೋಡಿದರೆ ಮುಂದಿನ ವರ್ಷಕ್ಕೆ ಸೇರುವವರ ಸಂಖ್ಯೆ ತೀರಾ ಕುಸಿದಿತ್ತು. ಸರಿಪಡಿಸಿಕೊಳ್ಳಲು ಬೇಕಿದ್ದ ತಿಂಗಳುಗಳು ಕತ್ತಲಲ್ಲಿ ಕಳೆದುಹೋಗಿದ್ದವು.

ಬರೀ ಕಂಪನಿಗಳನ್ನು ಬೈದರೆ ಅರ್ಧ ಮಾತಷ್ಟೇ ಆಗುತ್ತದೆ. ವಿಶ್ವವಿದ್ಯಾಲಯಗಳೂ ಸಹಿ ಹಾಕುವಾಗ ಒಂದು ಹೇಳಿ ಆಮೇಲೆ ಇನ್ನೊಂದು ಮಾಡುತ್ತವೆ. ಅಮೆರಿಕದಲ್ಲಿ ರಕ್ಷಣಾ ಇಲಾಖೆಯ ಸಂಶೋಧನೆ ಮಾಡುವವರು ಇಂತಿಂಥ ಭದ್ರತಾ ನಿಯಮ ಪಾಲಿಸುತ್ತೇವೆ ಅಂತ ಬರೆದುಕೊಡಬೇಕು. ಬರೆದುಕೊಟ್ಟು ಪಾಲಿಸಲಿಲ್ಲ ಅನ್ನುವ ಆರೋಪದ ಮೇಲೆ ಪೆನ್ ಸ್ಟೇಟ್ ವಿಶ್ವವಿದ್ಯಾಲಯ 2024ರಲ್ಲಿ 12.5 ಲಕ್ಷ ಡಾಲರ್ ಕೊಟ್ಟು ಪ್ರಕರಣ ಮುಗಿಸಿಕೊಂಡಿತು. 2025ರಲ್ಲಿ ಜಾರ್ಜಿಯಾ ಟೆಕ್‌ಗೆ ಸೇರಿದ ಸಂಸ್ಥೆ 8.75 ಲಕ್ಷ ಡಾಲರ್ ಕೊಟ್ಟಿತು. ಅಲ್ಲಿನ ಆರೋಪ ಕೇಳಿದರೆ ನಗು ಬರುತ್ತದೆ, ಲ್ಯಾಬ್‌ನ ಕಂಪ್ಯೂಟರ್‌ಗಳಿಗೆ ಆ್ಯಂಟಿವೈರಸ್ಸೇ ಹಾಕಿರಲಿಲ್ಲವಂತೆ. ಅದು ಸೈಬರ್ ಭದ್ರತೆಯ ಸಂಶೋಧನೆ ಮಾಡುವ ಲ್ಯಾಬು! ದೊಡ್ಡ ಸಂಶೋಧಕರಿಗೆ ಸಣ್ಣ ನಿಯಮ ಅಂದರೆ ಕಿರಿಕಿರಿ. ಅವರಿಗೆ ಇಲ್ಲ ಅನ್ನುವ ಧೈರ್ಯ ಕಂಪ್ಯೂಟರ್ ವಿಭಾಗದ ಸಿಬ್ಬಂದಿಗೆ ಇರುವುದಿಲ್ಲ. ಹುದ್ದೆಯಲ್ಲಿ ಅವರು ಎಲ್ಲರಿಗಿಂತ ಕೆಳಗಿರುತ್ತಾರೆ, ಏನಾದರೂ ಆದಾಗ ಮಾತ್ರ ಎಲ್ಲರಿಗಿಂತ ಮುಂದೆ ನಿಲ್ಲಬೇಕು.

ಹಾಗಾದರೆ ನಿಜವಾದ ಸಹಯೋಗ ಹೇಗಿರುತ್ತದೆ? ಇದಕ್ಕೆ ಹಳೆಯ ಉದಾಹರಣೆಗಳೇ ಇವೆ. 1988ರ ನವೆಂಬರ್ 2ರಂದು ಕಾರ್ನೆಲ್ ವಿಶ್ವವಿದ್ಯಾಲಯದ ಒಬ್ಬ ವಿದ್ಯಾರ್ಥಿ ಬಿಟ್ಟ ಪ್ರೋಗ್ರಾಂ ಆಗಿನ ಪುಟ್ಟ ಇಂಟರ್ನೆಟ್‌ನಲ್ಲಿ ಹರಡಿ ಸಾವಿರಾರು ಯಂತ್ರಗಳನ್ನು ಕೆಡಿಸಿತು. ಮೋರಿಸ್ ವರ್ಮ್ ಅಂತ ಇವತ್ತಿಗೂ ಪಾಠ ಮಾಡುತ್ತಾರೆ. ಆಗ ಬೇರೆ ಬೇರೆ ವಿಶ್ವವಿದ್ಯಾಲಯದವರು ಅದನ್ನು ಬಿಚ್ಚಿ ನೋಡಿ ಮದ್ದು ಕಂಡುಹಿಡಿದರು. ಆದರೆ ಒಬ್ಬರಿಗೊಬ್ಬರು ಹೇಳಿಕೊಳ್ಳುವುದು ಹೇಗೆ ಅಂತಲೇ ಗೊತ್ತಾಗಲಿಲ್ಲ, ಜಾಲವನ್ನೇ ಕಡಿದುಕೊಂಡವರಿಗೆ ಮೇಲ್ ತಲುಪುತ್ತಿರಲಿಲ್ಲ. ಅದೇ ತಿಂಗಳು ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಸರ್ಕಾರದ ದುಡ್ಡಿನಿಂದ ಸರ್ಟ್, ಅಂದರೆ ಕಂಪ್ಯೂಟರ್ ತುರ್ತುಗಳಿಗೆ ಸ್ಪಂದಿಸುವ, ಕೇಂದ್ರ ಶುರುವಾಯಿತು. ಯಾರಿಗೆ ತೂತು ಕಂಡರೂ ಅಲ್ಲಿಗೆ ಹೇಳಬೇಕು, ಅವರು ಕಂಪನಿಗೆ ಹೇಳಬೇಕು, ಸರಿಪಡಿಸಿದ ಮೇಲೆ ಎಲ್ಲರಿಗೂ ಹೇಳಬೇಕು. ಈಗ ಹಲವು ದೇಶಗಳಲ್ಲಿ ಇರುವ ಸರ್ಟ್‌ಗಳು ಇದೇ ಮಾದರಿಯವು.

ಲೆಟ್ಸ್ ಎನ್‌ಕ್ರಿಪ್ಟ್ ಇನ್ನೊಂದು. ವೆಬ್‌ಸೈಟ್ ವಿಳಾಸದ ಪಕ್ಕದ ಬೀಗದ ಚಿಹ್ನೆಗೆ ಬೇಕಾದ ಪ್ರಮಾಣಪತ್ರಕ್ಕೆ ಮೊದಲೆಲ್ಲ ದುಡ್ಡು ಕೊಡಬೇಕಿತ್ತು, ಕೈಯಾರೆ ಹಾಕಬೇಕಿತ್ತು, ಸಣ್ಣ ಸೈಟ್‌ನವರು ಬಿಟ್ಟೇಬಿಡುತ್ತಿದ್ದರು. ಮಿಶಿಗನ್ ವಿಶ್ವವಿದ್ಯಾಲಯದ ಸಂಶೋಧಕರು, ಫೈರ್‌ಫಾಕ್ಸ್ ಬ್ರೌಸರ್ ಮಾಡುವ ಮೊಜಿಲ್ಲಾದವರು, ಇಎಫ್‌ಎಫ್ ಅನ್ನುವ ಡಿಜಿಟಲ್ ಹಕ್ಕುಗಳ ಸಂಘಟನೆಯವರು ಸೇರಿದರು. ಸಿಸ್ಕೊ, ಅಕಮಾಯ್ ಕಂಪನಿಗಳು ದುಡ್ಡು ಹಾಕಿದವು. 2015ರ ಡಿಸೆಂಬರ್‌ನಿಂದ ಯಾರು ಬೇಕಾದರೂ ಪುಕ್ಕಟೆ ಪಡೆಯುವಂತಾಯಿತು. ಇಲ್ಲಿ ಯಾರೂ ಯಾರಿಗೂ ಏನೂ ಮಾರಲಿಲ್ಲ.

2018ರ ಜನವರಿಯಲ್ಲಿ ಹೊರಬಂದ ಮೆಲ್ಟ್‌ಡೌನ್, ಸ್ಪೆಕ್ಟರ್ ದೋಷಗಳೂ ಅಷ್ಟೇ. ಪ್ರೊಸೆಸರ್ ಚಿಪ್‌ನೊಳಗಿನ ಆ ದೋಷಗಳನ್ನು ಕಂಡವರಲ್ಲಿ ಆಸ್ಟ್ರಿಯಾದ ಗ್ರಾಜ್ ತಾಂತ್ರಿಕ ವಿಶ್ವವಿದ್ಯಾಲಯದವರೂ ಇದ್ದರು, ಗೂಗಲ್‌ನವರೂ ಇದ್ದರು. ಇಂಟೆಲ್‌ಗೆ 2017ರ ಜೂನ್‌ನಲ್ಲೇ ತಿಳಿಸಿದ್ದರು. ತಿಂಗಳುಗಟ್ಟಲೆ ಬಾಯಿ ಬಿಗಿಹಿಡಿದು, ತೇಪೆ ತಯಾರಾಗುವ ಹೊತ್ತಿಗೆ ಜಗತ್ತಿಗೆ ಹೇಳಿದರು. ನಂಬಿಕೆ ಇಲ್ಲದಿದ್ದರೆ ಇದು ಆಗುತ್ತಿರಲಿಲ್ಲ.

ನಂಬಿಕೆ ಕೆಟ್ಟದ್ದಕ್ಕೂ ಸಾಕಷ್ಟು ಕಥೆ ಇವೆ, ಎರಡೂ ಕಡೆಯವು. ನೆದರ್‌ಲ್ಯಾಂಡ್ಸ್‌ನ ರಾಡ್‌ಬೌಡ್ ವಿಶ್ವವಿದ್ಯಾಲಯದವರು ಬಸ್ಸು ರೈಲಿನ ಕಾರ್ಡುಗಳಲ್ಲಿದ್ದ ಮೈಫೇರ್ ಕ್ಲಾಸಿಕ್ ಚಿಪ್ ಎಷ್ಟು ಸುಲಭವಾಗಿ ಮುರಿಯುತ್ತದೆ ಅಂತ ತೋರಿಸಿದಾಗ, ತಯಾರಕರಾದ ಎನ್‌ಎಕ್ಸ್‌ಪಿ ಪ್ರಕಟಣೆ ತಡೆಯಲು ಕೋರ್ಟಿಗೆ ಹೋಯಿತು. 2008ರ ಜುಲೈಯಲ್ಲಿ ಕೋರ್ಟು ಒಪ್ಪಲಿಲ್ಲ. 2013ರಲ್ಲಿ ಫೋಕ್ಸ್‌ವ್ಯಾಗನ್ ಇಂಗ್ಲೆಂಡಿನ ಕೋರ್ಟಿಗೆ ಹೋಗಿ ಗೆದ್ದಿತು. ಕಾರು ಕಳವು ತಡೆಯುವ ಚಿಪ್‌ನ ದೋಷ ಕಂಡಿದ್ದ ಬರ್ಮಿಂಗ್‌ಹ್ಯಾಮ್ ಮತ್ತು ರಾಡ್‌ಬೌಡ್ ಸಂಶೋಧಕರ ಬಾಯಿಗೆ ಎರಡು ವರ್ಷ ಬೀಗ. 2015ರಲ್ಲಿ ಪ್ರಬಂಧ ಹೊರಬಂತು, ಒಂದು ವಾಕ್ಯ ತೆಗೆದು. ಆ ಎರಡು ವರ್ಷ ಕಾರಿನ ಮಾಲೀಕರಿಗೆ ಏನು ಲಾಭ ಆಯಿತು ಅಂತ ನನಗಂತೂ ಅರ್ಥವಾಗಿಲ್ಲ. ಇನ್ನು ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದ ಸಂಶೋಧಕರು ಮಾಡಿದ್ದು ಉಲ್ಟಾ. ಲಿನಕ್ಸ್ ಕರ್ನಲ್ (ಎಷ್ಟೋ ಸರ್ವರ್, ಫೋನುಗಳ ತಿರುಳಿನ ಸಾಫ್ಟ್‌ವೇರ್) ನೋಡಿಕೊಳ್ಳುವವರಿಗೆ ಹೇಳದೆ ಕೇಳದೆ, ಬೇಕೆಂದೇ ದೋಷ ತುಂಬಿದ ಕೋಡ್ ಕಳಿಸಿ, ಅವರು ಹಿಡಿಯುತ್ತಾರಾ ನೋಡೋಣ ಅಂತ ಪ್ರಯೋಗ ಮಾಡಿದ್ದರು. 2021ರಲ್ಲಿ ಲಿನಕ್ಸ್‌ನವರು ಇಡೀ ವಿಶ್ವವಿದ್ಯಾಲಯದಿಂದ ಬರುವ ಕೋಡನ್ನೇ ನಿಲ್ಲಿಸಿದರು. ದುಡಿಯುವವರನ್ನು ಕೇಳದೆ ಪ್ರಯೋಗದ ಇಲಿ ಮಾಡಿದರೆ ಇನ್ನೇನಾಗುತ್ತದೆ? ಸಂಶೋಧಕರು ಕ್ಷಮೆ ಕೇಳಬೇಕಾಯಿತು.

ವಿದ್ಯಾರ್ಥಿಗಳ ವಿಷಯಕ್ಕೆ ಬರುತ್ತೇನೆ. ಕೆನಡಾದ ಮಾಂಟ್ರಿಯಲ್‌ನ ಡಾಸನ್ ಕಾಲೇಜಿನಲ್ಲಿ ಒಬ್ಬ ಕಂಪ್ಯೂಟರ್ ವಿದ್ಯಾರ್ಥಿ ಕಾಲೇಜುಗಳು ಬಳಸುವ ಪೋರ್ಟಲ್‌ನಲ್ಲಿ ದೋಷ ಕಂಡ. ಎರಡೂವರೆ ಲಕ್ಷದಷ್ಟು ವಿದ್ಯಾರ್ಥಿಗಳ ಮಾಹಿತಿ ತೆರೆದಂತೆ ಇತ್ತು. ಹೋಗಿ ಹೇಳಿದ, ಶಹಬ್ಬಾಸ್ ಅಂದರು. ಸರಿಪಡಿಸಿದ್ದಾರಾ ಅಂತ ಸ್ವಲ್ಪ ದಿನದ ಮೇಲೆ ಪರೀಕ್ಷಿಸುವ ಸಾಫ್ಟ್‌ವೇರ್ ಓಡಿಸಿ ನೋಡಿದ, ಕಾಲೇಜಿನಿಂದಲೇ ಹೊರಹಾಕಿದರು. 2013ರ ಜನವರಿಯಲ್ಲಿ ಸುದ್ದಿ ದೊಡ್ಡದಾಯಿತು. ತಮಾಷೆ ಅಂದರೆ ಆ ಪೋರ್ಟಲ್ ಮಾಡಿದ ಕಂಪನಿಯೇ ಅವನಿಗೆ ಕೆಲಸ ಕೊಡಲು ಮುಂದೆ ಬಂತು. ಅನುಮತಿ ಇಲ್ಲದೆ ಓಡಿಸಿದ್ದು ಸರಿಯಲ್ಲ, ಒಪ್ಪುತ್ತೇನೆ. ಆದರೆ ಅನುಮತಿ ಕೇಳುವುದಕ್ಕೆ ಒಂದು ದಾರಿ ಇರಬೇಕಲ್ವಾ? ದೋಷ ಕಂಡರೆ ಈ ವಿಳಾಸಕ್ಕೆ ಬರೆಯಿರಿ, ಇಷ್ಟು ಮಾಡಬಹುದು, ಇಷ್ಟು ಮಾಡಬಾರದು, ಮಿತಿಯೊಳಗೆ ಇದ್ದರೆ ಶಿಕ್ಷೆ ಇಲ್ಲ ಅಂತ ಅರ್ಧ ಪುಟದ ನಿಯಮ. ಇದಕ್ಕೆ ಕಾಸು ಖರ್ಚಿಲ್ಲ.

ಕೈಚಳಕ ಇರುವ ಹುಡುಗರಿಗೆ ಆ ದಾರಿ ಕೊಡದಿದ್ದರೆ ಅವರು ಬೇರೆ ದಾರಿ ಹುಡುಕಿಕೊಳ್ಳುತ್ತಾರೆ. ಬ್ರಿಟನ್ನಿನ ವಿಶ್ವವಿದ್ಯಾಲಯಗಳ ಜಾಲ ನೋಡಿಕೊಳ್ಳುವ ಜಿಸ್ಕ್ ಸಂಸ್ಥೆ 2018ರಲ್ಲಿ ದಾಳಿಗಳ ಹೊತ್ತುಗೊತ್ತು ಲೆಕ್ಕ ಹಾಕಿತು. ಸುಳ್ಳು ಕೋರಿಕೆಗಳನ್ನು ಸುರಿದು ಜಾಲವನ್ನು ಉಸಿರುಗಟ್ಟಿಸುವ ದಾಳಿಗಳು ಬೆಳಿಗ್ಗೆ ಎಂಟು ಒಂಬತ್ತರಿಂದ ಏರುತ್ತವೆ, ರಜೆಯಲ್ಲಿ ಇಳಿಯುತ್ತವೆ. ಒಳಗಿನವರೇ ಅಂತ ಅನುಮಾನ ಬಾರದೆ ಇರುತ್ತದಾ? ಅಮೆರಿಕದ ರಟ್ಗರ್ಸ್ ವಿಶ್ವವಿದ್ಯಾಲಯದ ಜಾಲವನ್ನು 2014ರಿಂದ 2016ರವರೆಗೆ ಪದೇಪದೇ ಕೆಡವಿದವನು ಅಲ್ಲಿನದೇ ವಿದ್ಯಾರ್ಥಿ. ಮುಂದೆ ಮಿರಾಯ್ ಅನ್ನುವ ಬಾಟ್‌ನೆಟ್ (ಕದ್ದು ವಶಪಡಿಸಿಕೊಂಡ ಯಂತ್ರಗಳ ಪಡೆ) ಕಟ್ಟಿದವರಲ್ಲೂ ಅವನಿದ್ದ. 2018ರಲ್ಲಿ ಕೋರ್ಟು ಅವನಿಗೆ 86 ಲಕ್ಷ ಡಾಲರ್ ಪರಿಹಾರ ಕಟ್ಟಲು ಹೇಳಿತು. ಇಂಥವನನ್ನು ಒಂದು ನಿಯಮದ ಹಾಳೆ ತಡೆಯುತ್ತಿತ್ತು ಅಂತ ನಾನು ಹೇಳುವುದಿಲ್ಲ. ಆದರೆ ಎಲ್ಲ ಹುಡುಗರೂ ಇವನಲ್ಲ, ಡಾಸನ್‌ನ ಹುಡುಗನಂಥವರೇ ಜಾಸ್ತಿ.

ಇಲ್ಲೇ ಕಂಪನಿಗಳಿಗೆ ನಿಜವಾದ ಕೆಲಸ ಇರುವುದು. ಗೆಸ್ಟ್ ಲೆಕ್ಚರ್ ಸಾಕು. ತಮ್ಮ ಸಾಫ್ಟ್‌ವೇರ್‌ನ ಬಟನ್ ಎಲ್ಲಿದೆ ಅಂತ ಕಲಿಸುವ ಸರ್ಟಿಫಿಕೇಟೂ ಸಾಕು, ಎರಡು ವರ್ಷದಲ್ಲಿ ಬಟನ್ ಜಾಗ ಬದಲಾಗಿರುತ್ತದೆ. ಕಾಲೇಜಿನದೇ ಜಾಲವನ್ನು ಕಾಯುವ ಕೆಲಸದಲ್ಲಿ ವಿದ್ಯಾರ್ಥಿಗಳನ್ನು ಕೂರಿಸಿ, ಪಕ್ಕದಲ್ಲಿ ಅನುಭವ ಇರುವವರನ್ನು ಕಂಪನಿ ಕೊಡಲಿ. ಅಮೆರಿಕದ ಲೂಸಿಯಾನಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಹೀಗೆ ವಿದ್ಯಾರ್ಥಿಗಳು ಕೂತು ನಡೆಸುವ ಕಾವಲು ಕೇಂದ್ರ ಇದೆ, ಒಂದು ಭದ್ರತಾ ಕಂಪನಿ ಜತೆಗಿದೆ, ಆ ರಾಜ್ಯದ ಬೇರೆ ಕಾಲೇಜುಗಳಿಗೂ ಸೇವೆ ಸಿಗುತ್ತದೆ. ರಾತ್ರಿ ಹನ್ನೊಂದಕ್ಕೆ ಬಂದ ಎಚ್ಚರಿಕೆ ನಿಜವಾ ಸುಳ್ಳಾ ಅಂತ ಲಾಗ್ (ಯಂತ್ರಗಳು ಬರೆದಿಡುವ ದಾಖಲೆ) ನೋಡಿ ನಿರ್ಧಾರ ಮಾಡಿದ ಹುಡುಗಿಗೆ ಆಮೇಲೆ ಯಾವ ಸರ್ಟಿಫಿಕೇಟ್ ಬೇಕು? ಇದರಲ್ಲೂ ಒಂದು ಎಚ್ಚರ ಬೇಕು. ಸಹಪಾಠಿಗಳ ಮೇಲ್, ಅಂಕ ಇವರ ಕಣ್ಣಿಗೆ ಬೀಳದಂತೆ ಅಧಿಕಾರ ಹಂಚಬೇಕು. ಮತ್ತೆ, ಕೆಲಸ ಮಾಡಿಸಿಕೊಂಡು ‘ಅನುಭವ ಸಿಕ್ಕಿತಲ್ಲ’ ಅಂತ ಸುಮ್ನೆ ಕಳಿಸಬಾರದು, ಸಂಬಳ ಕೊಡಬೇಕು.

ಕಾಲೇಜುಗಳು ಕಾಲೇಜುಗಳ ಜತೆ ಸೇರುವುದೂ ಬೇಕು. ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿರುವ ರೆನ್-ಐಸ್ಯಾಕ್ ಅನ್ನುವ ಕೂಟ ಇದನ್ನೇ ಮಾಡುತ್ತದೆ. ಒಂದು ಕಡೆ ಕಂಡ ನಕಲಿ ಮೇಲ್, ನಕಲಿ ವಿಳಾಸ ಬೇರೆ ಸದಸ್ಯರಿಗೆ ಬೇಗ ತಲುಪುತ್ತದೆ. ಗುಮಾಸ್ತರೂ ಅಡ್ಮಿನ್ನೂ ಒಬ್ಬರೇ ಆಗಿರುವ ಸಣ್ಣ ಕಾಲೇಜಿಗೆ ಇದಕ್ಕಿಂತ ದೊಡ್ಡ ಸಹಾಯ ಇಲ್ಲ. ಆದರೆ ಇದಕ್ಕೆ ಮೊದಲು ‘ನಮ್ಮಲ್ಲಿ ಹೀಗಾಯಿತು’ ಅಂತ ಬಾಯಿಬಿಡಬೇಕು. ಬಹಳ ಕಡೆ ಆಗುವುದೇ ಇಲ್ಲ. ಮರ್ಯಾದೆ ಹೋಗುತ್ತದೆ, ಪ್ರವೇಶಾತಿ ಕಡಿಮೆಯಾಗುತ್ತದೆ, ರ‍್ಯಾಂಕಿಂಗ್ ಬೀಳುತ್ತದೆ ಅಂತ ಮುಚ್ಚಿಡುತ್ತಾರೆ. ‘ತಾಂತ್ರಿಕ ಕಾರಣದಿಂದ ವೆಬ್‌ಸೈಟ್ ಲಭ್ಯವಿಲ್ಲ’ ಅನ್ನುವ ಸಾಲು ಎಷ್ಟು ಸಲ ಓದಿಲ್ಲ ನಾವು?

ಹಣ ಜಾಸ್ತಿ ಬೇಕು ಅನ್ನುವ ಮಾತು ಅರ್ಧ ನಿಜ. ಎಲ್ಲರಿಗೂ ಎರಡು ಹಂತದ ಲಾಗಿನ್, ಜಾಲದಿಂದ ಕಿತ್ತಿಟ್ಟ ಬ್ಯಾಕಪ್, ಆ ಬ್ಯಾಕಪ್‌ನಿಂದ ನಿಜವಾಗಿ ವಾಪಸ್ ತರಲು ಆಗುತ್ತದಾ ಅಂತ ವರ್ಷಕ್ಕೊಮ್ಮೆ ಮಾಡಿ ನೋಡುವುದು, ಬಿಟ್ಟುಹೋದವರ ಖಾತೆ ಮುಚ್ಚುವುದು, ಯಾರದೂ ಅಲ್ಲದ ಸರ್ವರ್ ಆರಿಸುವುದು. ಇದರಲ್ಲಿ ಹೆಚ್ಚಿನದಕ್ಕೆ ಬೇಕಾಗಿರುವುದು ಹಠ. ಅದಕ್ಕಿಂತ ಮುಖ್ಯ, ಬೇಡದ ಮಾಹಿತಿ ಇಟ್ಟುಕೊಳ್ಳದೆ ಇರುವುದು. ಇಪ್ಪತ್ತು ವರ್ಷದ ಹಿಂದೆ ಅರ್ಜಿ ಹಾಕಿ ಸೀಟು ಸಿಗದೆ ಹೋದವರ ವಿವರ ಯಾಕೆ ಬೇಕು? ಇಲ್ಲದ್ದನ್ನು ಯಾರೂ ಕದಿಯಲಾರರು.

ಇಷ್ಟು ಬರೆದದ್ದು ಪತ್ರಿಕೆಯನ್ನು ಒಂದು ಕೇಳಿಕೊಳ್ಳುವುದಕ್ಕೆ. ಮುಂದಿನ ಸಲ ಇಂಥ ಒಪ್ಪಂದದ ಸುದ್ದಿ ಬಂದಾಗ ನಿಮ್ಮ ವರದಿಗಾರರು ಆ ಫೋಟೊದಲ್ಲಿ ಇರುವವರನ್ನು ನಾಲ್ಕು ಮಾತು ಕೇಳಲಿ. ವಿದ್ಯಾರ್ಥಿಗಳ ಯಾವ ಯಾವ ಮಾಹಿತಿ ಕಂಪನಿಗೆ ಹೋಗುತ್ತದೆ? ಕಂಪನಿ ಅದನ್ನು ಮುಂದೆ ಇನ್ಯಾರಿಗೆ ಕೊಡುತ್ತದೆ? ಸೋರಿದರೆ ಎಷ್ಟು ಗಂಟೆಯೊಳಗೆ ಕಾಲೇಜಿಗೆ, ಎಷ್ಟು ದಿನದೊಳಗೆ ವಿದ್ಯಾರ್ಥಿಗೆ ಹೇಳುತ್ತಾರೆ? ಒಪ್ಪಂದ ಮುಗಿದ ಮೇಲೆ ಡೇಟಾ ಅಳಿಸಿದ್ದಕ್ಕೆ ಏನು ಸಾಕ್ಷಿ ಕೊಡುತ್ತಾರೆ? ಇನ್ನೊಂದು, ನಿಮ್ಮ ಸಾಫ್ಟ್‌ವೇರ್‌ನಲ್ಲಿ ಇದೇ ಕಾಲೇಜಿನ ಸಂಶೋಧಕರು ದೋಷ ಕಂಡರೆ ಪ್ರಕಟಿಸಲು ಬಿಡುತ್ತೀರಾ? ಉತ್ತರ ಬಂದರೆ ಫೋಟೊದ ಕೆಳಗೆ ಹಾಕಿ. ಉತ್ತರ ಕೊಡಲಿಲ್ಲ ಅಂದರೆ ಅದನ್ನೂ ಹಾಕಿ.

ಇಂತಿ,
ಕಾಲೇಜೊಂದರ ಕಂಪ್ಯೂಟರ್ ವಿಭಾಗದಲ್ಲಿ ಕೆಲಸ ಮಾಡುವ ಓದುಗ